ಮೆಣಸಿನಕಾಯಿ ಬಜ್ಜಿ ಹತ್ತೇ ನಿಮಿಷಕ್ಕೆ ಮೆತ್ತಗಾಗುತ್ತೆ, ಗರಿಗರಿಯಾಗಿರೋಕೆ ಹಿಟ್ಟಿಗೆ ಏನು ಸೇರಿಸಬೇಕು?

ಹೆಚ್ಚಿಗೆ ಏನೂ ಸೇರಿಸಬೇಡಿ. ಹಿಟ್ಟಿನ ತಪ್ಪಲ್ಲ ಅದು. ನಾನೂ ಅಕ್ಕಿಹಿಟ್ಟು, ಕಾರ್ನ್‌ಫ್ಲೋರ್, ಚಿರೋಟಿ ರವೆ ಎಲ್ಲಾ ಸುರಿದು ನೋಡಿ ಸುಸ್ತಾದವಳೇ.

ನಮ್ಮದು ದಾವಣಗೆರೆ. ಸಂಜೆ ಆದರೆ ಮಂಡಕ್ಕಿ, ಮಿರ್ಚಿ ಇರಲೇಬೇಕು. ನಾದಿನಿ ಮಗುವಿಗೆ ಹೆಸರಿಡೋ ದಿನ "ಮಿರ್ಚಿ ಹೊರಗಿಂದ ತರಬೇಡಿ, ನಾನೇ ಮಾಡ್ತೀನಿ" ಅಂತ ಜಂಬ ಕೊಚ್ಚಿದ್ದೆ. ಮಧ್ಯಾಹ್ನ ಮೂರಕ್ಕೇ ಬಾಣಲೆ ಇಟ್ಟೆ. ಮೊದಲನೇದು ಕಚ್ಚಿದರೆ ಕರುಂ ಅಂತು. ಆಮೇಲೆ ಮಾಡಿದ್ದು ನೋಡಿ: ಬಿಸಿ ಆರಬಾರದು ಅಂತ ಎಲ್ಲವನ್ನೂ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ, ಸಾಲದ್ದಕ್ಕೆ ಮೇಲೊಂದು ಟವೆಲ್ ಸುತ್ತಿದೆ!

ಐದಕ್ಕೆ ತೆಗೆದರೆ ಮುಚ್ಚಳದ ಒಳಗೆಲ್ಲ ನೀರಿನ ಹನಿ. ಓರೆ ಮಾಡಿದ್ದೇ ತಡ, ಅಷ್ಟೂ ಬಜ್ಜಿ ಮೇಲೇ ಸುರಿಯಿತು. ತೊಟ್ಟು ಹಿಡಿದು ಎತ್ತಿದರೆ ಮೆಣಸಿನಕಾಯಿ ಬೆತ್ತಲೆಯಾಗಿ ಬಂತು, ಹಿಟ್ಟೆಲ್ಲ ಡಬ್ಬಿಯಲ್ಲೇ ಉಳಿಯಿತು. ನಾದಿನಿಯ ಅತ್ತೆ "ಇರಲಿ ಬಿಡಮ್ಮ, ಹಲ್ಲಿಲ್ಲದವರಿಗೆ ಅನುಕೂಲ" ಅಂದರು. ಇವತ್ತಿಗೂ ಆ ಮಾತು ಚುಚ್ಚುತ್ತೆ.

ಆಗಿದ್ದಿಷ್ಟು. ಮೆಣಸಿನಕಾಯಿಯಲ್ಲಿ ಇರೋದೇ ನೀರು. ಎಣ್ಣೆಯಿಂದ ತೆಗೆದ ಮೇಲೂ ಒಳಗಿಂದ ಹಬೆ ಬರ್ತಾನೇ ಇರುತ್ತೆ. ಅದಕ್ಕೆ ಹೊರಗೆ ಹೋಗೋಕೆ ದಾರಿ ಬೇಕು. ಮುಚ್ಚಿದರೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಬಜ್ಜಿಗೇ ಇಳಿಯುತ್ತೆ. ಪೇಪರ್ ಮೇಲೆ ಒಂದರ ಮೇಲೊಂದು ಪೇರಿಸಿಟ್ಟರೂ ಅಷ್ಟೇ, ಅಡಿಯವು ಮೆತ್ತಗೆ. ಜರಡಿಯಲ್ಲೋ ತೂತಿನ ತಟ್ಟೆಯಲ್ಲೋ ಬಿಡಿಬಿಡಿಯಾಗಿ ಹರಡಿ, ಏನನ್ನೂ ಮುಚ್ಚಬೇಡಿ. ಆಮೇಲೊಂದು ಸಂಜೆ ಮಿರ್ಚಿ ಮಾರೋ ಗಾಡಿ ಅಜ್ಜನ ಹತ್ತಿರ ನನ್ನ ಕತೆ ಹೇಳಿಕೊಂಡರೆ "ಮುಚ್ಚಿಟ್ರೆ ಬೆವರ್ತವೆ ಕಣಮ್ಮ" ಅಂತ ಒಂದೇ ಮಾತಲ್ಲಿ ಮುಗಿಸಿದರು. ಅವರು ಮೊದಲೇ ಅರೆಬರೆ ಕರಿದು ತೆರೆದ ತಟ್ಟೆಯಲ್ಲಿ ಇಟ್ಟಿರ್ತಾರೆ, ಗಿರಾಕಿ ಬಂದಾಗ ಜೋರು ಉರಿಯಲ್ಲಿ ಇನ್ನೊಮ್ಮೆ ಮುಳುಗಿಸಿ ಕೊಡ್ತಾರೆ. ಚಿಕ್ಕಂದಿನಿಂದ ಆ ಗಾಡಿ ಮುಂದೆ ನಿಂತು ತಿಂದವಳಿಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಹಿಟ್ಟು ಕೇಳಿದ್ದೀರಲ್ಲ, ಹೇಳಿಬಿಡ್ತೀನಿ. ಒಂದು ಲೋಟ ಕಡಲೆಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು, ಉಪ್ಪು, ಓಂಕಾಳು, ಒಂದು ಚಮಚ ಕಾದ ಎಣ್ಣೆ. ಸೋಡಾ ಚಿಟಿಕೆ ಸಾಕು. ಗರಿಗರಿ ಆಗಲಿ ಅಂತ ಜಾಸ್ತಿ ಹಾಕಿದರೆ ಉಬ್ಬಿ ಎಣ್ಣೆ ಕುಡಿಯುತ್ತೆ ಅಷ್ಟೇ. ಕಾಯಿ ತೊಳೆದ ಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಹಿಟ್ಟು ಜಾರುತ್ತೆ. ಎಣ್ಣೆಗೆ ಒಂದು ತೊಟ್ಟು ಹಿಟ್ಟು ಬಿಟ್ಟರೆ ತಕ್ಷಣ ಮೇಲೆ ಬರಬೇಕು. ಒಂದು ಸಲಕ್ಕೆ ನಾಲ್ಕೇ ಹಾಕಿ, ಹತ್ತು ಹಾಕಿದರೆ ಎಣ್ಣೆ ತಣ್ಣಗಾಗುತ್ತೆ.

ನಾಲ್ಕಕ್ಕೆ ಕರಿದು ಆರಕ್ಕೆ ಬಡಿಸಬೇಕು, ಆದರೂ ಗರಿಗರಿ ಇರಬೇಕು ಅಂದರೆ ಅದು ಮಿರ್ಚಿ ಅಲ್ಲ, ಚಕ್ಕುಲಿ ಮಾಡಿ. ನಮ್ಮನೆಯಲ್ಲಿ ಈಗ ಎಲ್ಲರೂ ಅಡುಗೆಮನೆ ಬಾಗಿಲಲ್ಲೇ ತಟ್ಟೆ ಹಿಡಿದು ನಿಂತಿರ್ತಾರೆ, ನಾಲ್ಕು ತೆಗೆದರೆ ನಾಲ್ಕು ಖಾಲಿ. ಆ ಸ್ಟೀಲ್ ಡಬ್ಬಿಗೆ ಮಂಡಕ್ಕಿ ತುಂಬಿಟ್ಟಿದ್ದೀನಿ. ಅದಕ್ಕೆ ಮಾತ್ರ ಮುಚ್ಚಳ ಬಿಗಿಯಾಗಿರಲೇಬೇಕು.