ರೋಟರ್ ಉದ್ದಕ್ಕೆ ಜಾರೋದು ಮ್ಯಾಗ್ನೆಟ್ ಕಮ್ಮಿಯಾಗಿ ಅಲ್ಲ

ಗೌರಿಬಿದನೂರಿನ ಸರ್, ಮೆಂಡೊಸಿನೊ ಮೋಟಾರಿನಲ್ಲಿ (ಮ್ಯಾಗ್ನೆಟ್ ಮೇಲೆ ತೇಲ್ತಾ ಸೋಲಾರ್ ಸೆಲ್ಲಿಂದ ತಿರುಗೋ ಮೋಟಾರ್) ಶಾಫ್ಟಿನ ತುದಿ ಒರಗೋ ಗಾಜು ತೆಗೆದು, ಎರಡೂ ಕಡೆ ಇನ್ನೊಂದೊಂದು ರಿಂಗ್ ಮ್ಯಾಗ್ನೆಟ್ ಸೇರಿಸಿದ್ರೂ ರೋಟರ್ ಉದ್ದಕ್ಕೆ ಜಾರಿ ಹಾರ್ತಿದೆ, ಎನ್35 ಬಿಟ್ಟು ಇನ್ನೂ ಜೋರಾದ ಎನ್52 ಮ್ಯಾಗ್ನೆಟ್ ತರಿಸ್ಲಾ ಅಂತ ಕೇಳಿದೀರ. ದಯವಿಟ್ಟು ತರಿಸ್ಬೇಡಿ. ನಾನೂ ಇದೇ ತಪ್ಪು ಮಾಡಿದೋನು, ಅದಕ್ಕೇ ಉದ್ದ ಬರೀತಿದೀನಿ.

ಗಣಿತಜ್ಞ ಅರ್ನ್‌ಶಾ 1842ರಲ್ಲೇ ತೋರಿಸಿಟ್ಟ ಲೆಕ್ಕ ಇದು. ಬರೀ ಪರ್ಮನೆಂಟ್ ಮ್ಯಾಗ್ನೆಟ್ ಇದ್ರೆ ಅಡ್ಡ, ಮೇಲೆ-ಕೆಳಗೆ, ಉದ್ದ, ಈ ಮೂರೂ ದಿಕ್ಕಿನ ಸ್ಟಿಫ್‌ನೆಸ್ (ಸರಿಸಿದ್ರೆ ವಾಪಸ್ ಎಳೆಯೋ ಬಿಗಿ) ಕೂಡಿದ್ರೆ ಸೊನ್ನೆ. ಎರಡು ದಿಕ್ಕಲ್ಲಿ ಬಿಗಿ ಮಾಡಿದಷ್ಟೂ ಮೂರನೇ ದಿಕ್ಕಲ್ಲಿ ಜೋರಾಗಿ ತಳ್ಳುತ್ತೆ. ಗಾಜಿನ ಕೆಲಸ ಆ ಮೂರನೇ ದಿಕ್ಕು ಹಿಡಿಯೋದು. ಲೆವಿಟ್ರಾನ್ ಅನ್ನೋ ಆಟಿಕೆ ಬುಗುರಿ ಮ್ಯಾಗ್ನೆಟ್ ಮೇಲೆ ಗಾಳಿಯಲ್ಲಿ ನಿಲ್ಲುತ್ತಲ್ಲ ಅಂತ ಇನ್ನೊಬ್ರು ಕೇಳಿದಾರೆ. ಅಲ್ಲಿ ತಿರುಗೋದ್ರಿಂದ ಮಗುಚೋದು ತಪ್ಪುತ್ತೆ. ನಿಮ್ಮದು ಮಲಗಿಸಿದ ಶಾಫ್ಟು, ಉದ್ದಕ್ಕೆ ಜಾರ್ತಿದೆ. ಎಷ್ಟು ಸ್ಪೀಡಾಗಿ ತಿರುಗಿದ್ರೂ ಅದು ನಿಲ್ಲಲ್ಲ.

ಮೊದಲು ಒಂದು ಅಳತೆ. ಗಾಜು ವಾಪಸ್ ಇಟ್ಟು, ಶಾಫ್ಟನ್ನ ಮೇಲಿಂದ ಬೆರಳಲ್ಲಿ ಮೆಲ್ಲಗೆ ತಟ್ಟಿ, ಫೋನಲ್ಲಿ 240 ಫ್ರೇಮಿನ ಸ್ಲೋ ಮೋಷನ್ ತೆಗೀರಿ. ಒಂದು ಕುಣಿತಕ್ಕೆ 30 ಫ್ರೇಮ್ ಬಂದ್ರೆ ಸೆಕೆಂಡಿಗೆ 8 ಸಲ ಅಂತ ಅರ್ಥ. ಅಡ್ಡಕ್ಕೂ ಅಷ್ಟೇ ಇದ್ರೆ, ಗಾಜು ತೆಗೆದ ಮೇಲೆ ಉದ್ದಕ್ಕೆ ಆಗೋ ಜಾರಿಕೆ ಪ್ರತಿ 14 ಮಿಲಿಸೆಕೆಂಡಿಗೆ ಸುಮಾರು 2.7 ಪಟ್ಟು ಬೆಳೆಯುತ್ತೆ. ಮ್ಯಾಗ್ನೆಟ್ ಜೋರು ಮಾಡಿ ಸೆಕೆಂಡಿಗೆ 12 ಕುಣಿತ ಮಾಡಿದ್ರೆ ನಿಮ್ಮ ಕೈಯಲ್ಲಿ ಉಳಿಯೋದು 9 ಮಿಲಿಸೆಕೆಂಡ್. ಎನ್52 ಹಾಕಿದ್ರೆ ಕಷ್ಟ ಜಾಸ್ತಿ ಆಗೋದು ಹೀಗೆ. ಎನ್35ರಲ್ಲೇ ಇರಿ, ಸೇರಿಸಿದ ಆ ಎರಡು ರಿಂಗನ್ನೂ ತೆಗೀರಿ.

ಈಗ ಉದ್ದದ ದಿಕ್ಕನ್ನ ಮಾತ್ರ ಕಾಯಿಲ್‌ನಿಂದ ಹಿಡೀಬೇಕು. ರೋಟರ್ ಎಲ್ಲಿದೆ ಅಂತ ಸೆನ್ಸರ್ ಓದುತ್ತೆ, ಅದಕ್ಕೆ ತಕ್ಕ ಹಾಗೆ ಆರ್ಡುಯಿನೋ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್ ಕಾಯಿಲ್ ಕರೆಂಟ್ ಬದಲಿಸುತ್ತೆ. ಶಾಫ್ಟಿನ ಎರಡೂ ತುದಿಗೆ 10×3 ಮಿಮೀ ಡಿಸ್ಕ್ ಮ್ಯಾಗ್ನೆಟ್. ಒಂದು ತುದಿಯ ಎದುರು ಕಾಯಿಲ್, ಹಾಲ್ ಸೆನ್ಸರ್ (ಮ್ಯಾಗ್ನೆಟ್ ಫೀಲ್ಡ್ ಅಳೆಯೋದು) ಇನ್ನೊಂದು ತುದಿಯ ಎದುರು. ಎಲ್ಲರೂ ಸೆನ್ಸರನ್ನ ಕಾಯಿಲ್ ಒಳಗೇ ಅಂಟಿಸ್ತಾರೆ. ಆಗ ಕಾಯಿಲ್ ತನ್ನ ಫೀಲ್ಡನ್ನೇ ತಾನು ಓದಿಕೊಂಡು ಕಿರುಚೋಕೆ ಶುರು ಮಾಡುತ್ತೆ, ಕೋಡಲ್ಲಿ ಎಷ್ಟು ಕಳೆದ್ರೂ ಪೂರ್ತಿ ಹೋಗಲ್ಲ. ಶಾಫ್ಟ್ ಗಟ್ಟಿ ವಸ್ತು, ಈ ತುದಿ ಸರಿದಷ್ಟೇ ಆ ತುದಿಯೂ ಸರಿಯುತ್ತೆ. ಹಾಗಿದ್ಮೇಲೆ ದೂರದ ತುದಿಯಲ್ಲಿ ಓದೋಕೆ ಏನು ಅಡ್ಡಿ? ಒಂದೇ ಎಚ್ಚರಿಕೆ: ಸೆನ್ಸರ್ ಶಾಫ್ಟಿನ ತುದಿಯ ವೃತ್ತದ ನಡುಬಿಂದುವಿಗೆ ನೇರ ಇರಬೇಕು, ಆ ಡಿಸ್ಕ್ ಓರೆಯಾಗಿ ಅಂಟಿರಬಾರದು. ಓರೆ ಇದ್ರೆ ಪ್ರತಿ ಸುತ್ತಿಗೂ ಒಂದು ಸುಳ್ಳು ಅಲೆ ಬರುತ್ತೆ. ಅಂಟಿಗೆ ನಿಧಾನ ಗಟ್ಟಿಯಾಗೋ ಅರಾಲ್ಡೈಟ್ ಹಾಕಿ, ಕ್ವಿಕ್ ಅಂಟು ಬೇಡ, ಪೆಟ್ಟು ಬಿದ್ರೆ ಕಿತ್ಕೊಂಡು ಬರುತ್ತೆ.

ಸೆನ್ಸರ್ ಎಸ್‌ಎಸ್49ಇ ಅಂತ ನಂಬರ್ ನೋಡಿ ತಗೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬರೀ ಹಾಲ್ ಸೆನ್ಸರ್ ಅಂದ್ರೆ 3144 ಕೈಗೆ ಬರಬಹುದು, ಅದು ಬರೀ ಸ್ವಿಚ್ಚು, ಇಲ್ಲಿ ಕೆಲಸಕ್ಕೆ ಬರಲ್ಲ. 5 ವೋಲ್ಟ್ ಸಪ್ಲೈ ಕೊಟ್ಟ 49ಇ ಮ್ಯಾಗ್ನೆಟ್ ಇಲ್ದೇ 2.5 ವೋಲ್ಟ್ ಕೊಡುತ್ತೆ. ರೋಟರ್ ನಿಲ್ಲಬೇಕಾದ ಜಾಗದಲ್ಲಿ 3.3ರ ಸುತ್ತಮುತ್ತ ಬರೋ ಹಾಗೆ ದೂರ ಇಡಿ. 4 ದಾಟಿದ್ರೆ ಸ್ಯಾಚುರೇಟ್ ಆಗೋಕೆ ಶುರು, ಆಮೇಲೆ ಅದು ಹೇಳೋದನ್ನ ನಂಬೋ ಹಾಗಿಲ್ಲ. ಸೆನ್ಸರ್ ಕಾಲುಗಳ ಬುಡದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರ್ಲಿ.

ಕಾಯಿಲ್‌ಗೆ 28 ಗೇಜ್ ಎನಾಮೆಲ್ ವೈರ್, 400 ಸುತ್ತು, ಸರಾಸರಿ ವ್ಯಾಸ 26 ಮಿಮೀ. ಸುಮಾರು 33 ಮೀಟರ್ ಹಿಡಿಯುತ್ತೆ, 5 ಓಮ್ ಬರುತ್ತೆ. ನಿಮ್ಮೂರ ಮೋಟಾರ್ ವೈಂಡಿಂಗ್ ಅಂಗಡಿಯಲ್ಲೇ ಕೇಳಿ, ಆದ್ರೆ ಬೋರ್‌ವೆಲ್ ಸಬ್‌ಮರ್ಸಿಬಲ್ ವೈರ್ ಕೊಟ್ರೆ ಬೇಡ ಅನ್ನಿ. ಅದಕ್ಕೆ ಪ್ಲಾಸ್ಟಿಕ್ ಸುತ್ತಿರುತ್ತೆ, 400 ಸುತ್ತು ಬಾಬಿನ್‌ನಲ್ಲಿ ಕೂರಲ್ಲ. ಒಳಗೆ ಕಬ್ಬಿಣದ ಬೋಲ್ಟ್ ಹಾಕೋ ಆಸೆ ಬೇಡ, ಕರೆಂಟ್ ಇಲ್ದೇನೂ ಡಿಸ್ಕನ್ನ ಎಳ್ಕೊಳ್ಳುತ್ತೆ. ಸ್ಕ್ರೂ ಎಲ್ಲ ಹಿತ್ತಾಳೆ. ಕಾಯಿಲ್‌ಗೆ ಕರೆಂಟ್ ಕೊಡೋ ಡ್ರೈವರ್ ಚಿಪ್ ಟಿಬಿ6612, ಸಪ್ಲೈ 5 ವೋಲ್ಟ್. 1 ಆಂಪಿಯರ್ ಮೀರಲ್ಲ, ಅದು 1.2 ತಡೆಯುತ್ತೆ. ಎಲ್298 ಡ್ರೈವರ್ ಬಿಟ್ಟಾಕಿ, 5ರಲ್ಲಿ ಹೆಚ್ಚುಕಮ್ಮಿ 2 ವೋಲ್ಟ್ ಅದೇ ತಿಂದುಬಿಡುತ್ತೆ.

ಕೋಡಲ್ಲಿ ಎಲ್ಲರೂ ಬೀಳೋ ಗುಂಡಿ ಎರಡು. ಆರ್ಡುಯಿನೋ ಊನೋದಲ್ಲಿ 9, 10ನೇ ಪಿನ್ನಿನ ಪಿಡಬ್ಲ್ಯೂಎಂ (ಬೇಗಬೇಗ ಆನ್-ಆಫ್ ಮಾಡಿ ಕರೆಂಟ್ ಹೆಚ್ಚುಕಮ್ಮಿ ಮಾಡೋದು) ತಾನಾಗೇ ಇರೋದು 490 ಹರ್ಟ್ಸ್, ರೋಟರ್ ನಡುಗೋಕೆ ಅಷ್ಟು ಸಾಕು. ಟೈಮರ್ 1ರ ಪ್ರಿಸ್ಕೇಲರ್ (ಕ್ಲಾಕನ್ನ ಭಾಗಿಸೋ ಸಂಖ್ಯೆ) 1ಕ್ಕೆ ಇಟ್ರೆ 31 ಕಿಲೋಹರ್ಟ್ಸ್ ಆಗುತ್ತೆ. ಎರಡನೇದು, ಲೂಪ್ ಒಳಗೆ ಸೀರಿಯಲ್ ಪ್ರಿಂಟ್ (ಕಂಪ್ಯೂಟರಿಗೆ ಅಕ್ಷರ ಕಳಿಸೋದು). 9600 ಬಾಡ್ ಸ್ಪೀಡಲ್ಲಿ ಒಂದು ಅಕ್ಷರಕ್ಕೆ 1 ಮಿಲಿಸೆಕೆಂಡ್. ಬಫರ್ ತುಂಬಿದ ಮೇಲೆ 20 ಅಕ್ಷರ ಬರೆಯೋದ್ರೊಳಗೆ ನಿಮ್ಮ 14 ಮಿಲಿಸೆಕೆಂಡ್ ಮುಗಿದಿರುತ್ತೆ. ಲೂಪ್ ಸರಿಯಾಗಿ 1 ಮಿಲಿಸೆಕೆಂಡಿಗೊಂದು, ಒಳಗೆ 4 ರೀಡಿಂಗಿನ ಸರಾಸರಿ. ಸರಾಸರಿ ಇಲ್ದೇ ಡಿ (ಜಾರೋ ಸ್ಪೀಡಿಗೆ ತಕ್ಕ ತಡೆ) ಹಾಕಿದ್ರೆ ಬರೀ ಗೊರಗೊರ ಸದ್ದು.

ಟ್ಯೂನ್ ಮಾಡೋಕೆ ಮೊದಲು ಎರಡೂ ಕಡೆ 1 ಮಿಮೀ ಬಿಟ್ಟು ಅಕ್ರಿಲಿಕ್ ತಡೆ ಇಡಿ, ಇಲ್ದಿದ್ರೆ ಸೋಲಾರ್ ಸೆಲ್ ಒಡೆಯುತ್ತೆ. ಪಿ (ಎಷ್ಟು ಸರಿದಿದೆಯೋ ಅಷ್ಟಕ್ಕೆ ತಕ್ಕ ತಳ್ಳು) ಏರಿಸ್ತಾ ಹೋಗಿ. ಒಂದೇ ತಡೆಗೆ ಅಂಟಿಕೊಂಡ್ರೆ ಪಿ ಸಾಲದು, ಇಲ್ಲಾ ಕಾಯಿಲ್ ವೈರ್ ಉಲ್ಟಾ. ಎರಡೂ ತಡೆಗೆ ಟಕಟಕ ಬಡೀತಿದ್ರೆ ಪಿ ಸಾಕು, ಇನ್ನು ಡಿ ಏರಿಸಿ. ತೇಲಿದ ಮೇಲೂ ಕಾಯಿಲ್ ಬಿಸಿಯಾಗ್ತಿದ್ರೆ ಐ (ಉಳಿದ ತಪ್ಪನ್ನ ಕೂಡಿಸ್ತಾ ಹೋಗಿ ಸರಿಮಾಡೋದು) ಹಾಕ್ಬೇಡಿ. ಕಾಯಿಲ್ ರೋಟರನ್ನ ಯಾವ ಕಡೆಗೆ ತಳ್ತಿದೆಯೋ, ಸೆಟ್‌ಪಾಯಿಂಟನ್ನ (ರೋಟರ್ ನಿಲ್ಲಬೇಕು ಅಂತ ಕೋಡಲ್ಲಿ ಕೊಟ್ಟ ಜಾಗ) ಅದೇ ಕಡೆಗೆ ಸ್ವಲ್ಪ ಸರಿಸಿ. ಉಲ್ಟಾ ಅನ್ಸುತ್ತೆ, ಆದ್ರೆ ಮ್ಯಾಗ್ನೆಟ್ಟುಗಳ ತಳ್ಳಾಟ ಸರಿಹೋಗೋ ಜಾಗ ಇರೋದು ಆ ಕಡೆಗೇ. ಅಲ್ಲಿಗೆ ಮುಟ್ಟಿದ್ರೆ ಸರಾಸರಿ ಕರೆಂಟ್ ಸೊನ್ನೆ ಹತ್ರ ಬರುತ್ತೆ. ಬೇಸ್ ಕೆಳಗೆ ಮೇಸ್ತ್ರಿ ಮಟ್ಟಗೋಲು ಇಟ್ಟು ನೋಡಿ. 100 ಗ್ರಾಂ ರೋಟರ್‌ಗೆ 1 ಡಿಗ್ರಿ ಓರೆ ಅಂದ್ರೆ ಯಾವಾಗ್ಲೂ 1.7 ಗ್ರಾಂ ಭಾರ ಕಾಯಿಲ್ ಮೇಲೆ.

ಬ್ಯಾಲೆನ್ಸ್ ಮಾಡೋದು ಸುಲಭ. ಬೆಳಕು ಮುಚ್ಚಿದ್ರೆ ಭಾರದ ಕಡೆ ಕೆಳಗೆ ಬಂದು ನಿಲ್ಲುತ್ತೆ, ಅದರ ಎದುರು ಕಡೆಗೆ ಸೋಲ್ಡರ್ ಚೂರು ಅಂಟಿಸಿ. ಸೆಕೆಂಡಿಗೆ 8 ಕುಣಿತ ಅಂದ್ರೆ 480 ಆರ್‌ಪಿಎಂ ಹತ್ರ ಒಂದು ಸಲ ಜೋರಾಗಿ ಅಲ್ಲಾಡುತ್ತೆ, ದಾಟಿದ್ರೆ ಶಾಂತ. ದಾಟದೇ ಅಲ್ಲೇ ಒದ್ದಾಡ್ತಿದ್ರೆ ತೇಲೋ ರಿಂಗುಗಳ ಕೆಳಗೆ ಮಾತ್ರ 3 ಮಿಮೀ ತಾಮ್ರದ ತಗಡು ಇಡಿ. ಕುಣಿತ ತಗ್ಗುತ್ತೆ, ಆದ್ರೆ ತೀರಾ ಹತ್ರ ಇಟ್ರೆ ಸ್ಪೀಡೂ ಕಮ್ಮಿಯಾಗುತ್ತೆ. ಸೋಲ್ಡರಿಂಗ್ ಎಲ್ಲ ಮುಗಿಸಿದ ಮೇಲೇ ಮ್ಯಾಗ್ನೆಟ್ ಅಂಟಿಸಿ, ಸಾಮಾನ್ಯ ಎನ್35 80 ಡಿಗ್ರಿ ದಾಟಿದ್ರೆ ಶಕ್ತಿ ಕಳ್ಕೊಳ್ಳುತ್ತೆ.