ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ತನ್ನ ನೌಕರರಿಗೆ ಅಂಗವೈಕಲ್ಯದ ಹಕ್ಕುಗಳ ಬಗ್ಗೆ ತಿಳಿಸಲೇಬೇಕಾ? ನನಗೆ ಯಾರೂ ಹೇಳಲಿಲ್ಲ, ದೂರು ಕೊಡಬಹುದಾ?

ಕ್ಯಾಲಿಫೋರ್ನಿಯಾದ ಶಾಲೆಯಲ್ಲಿ ಪ್ಯಾರಾ, ಅಂದರೆ ಕ್ಲಾಸಿನಲ್ಲಿ ಟೀಚರಿಗೆ ಸಹಾಯಕರಾಗಿ ಸೇರಿದ್ದೀರಿ, ಇನ್ನೂ ಪ್ರೊಬೇಷನ್, ಕೈಗಂಟುಗಳಲ್ಲಿ ಸಂಧಿವಾತ. ಸಂಧಿವಾತದ ಜಾಗದಲ್ಲಿ ಎಡಗಿವಿ ಅಂತ ಬರೆದಿದ್ದರೆ ಈ ಪ್ರಶ್ನೆ ನಾನೇ ಕೇಳಿದ್ದು ಅಂದುಕೊಳ್ಳುತ್ತಿದ್ದೆ.

ಎಚ್-4 ಇಎಡಿ (ಎಚ್-1ಬಿ ವೀಸಾದವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ಕೈಗೆ ಬಂದ ವರ್ಷ ಬೇ ಏರಿಯಾದ ಒಂದು ಎಲಿಮೆಂಟರಿ ಶಾಲೆಗೆ ಸೇರಿದೆ. ಚಿಕ್ಕಂದಿನಲ್ಲಿ ಸೋರಿ ಸೋರಿ ನನ್ನ ಎಡಗಿವಿ ಹೋಗಿದೆ. ಬಲಗಿವಿ ಗದ್ದಲದಲ್ಲಿ ಅಷ್ಟಕ್ಕಷ್ಟೇ. ಕ್ಲಾಸಿನೊಳಗೆ ಮಕ್ಕಳ ಪಕ್ಕದಲ್ಲೇ ಕೂತಿರುತ್ತಿದ್ದೆನಾದ್ದರಿಂದ ಏನೂ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ಮೈದಾನದಲ್ಲಿ. ರಿಸೆಸ್ (ಆಟದ ಬಿಡುವು) ಡ್ಯೂಟಿಗೆ ಹೋಗುವವರು ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಳ್ಳಬೇಕು. ಆಫೀಸಿನಿಂದ ಕರೆ ಬಂದರೆ ಅದು ಗೊರಗೊರ ಅನ್ನುತ್ತದೆ, ಮಧ್ಯೆ ನಿಮ್ಮ ಹೆಸರು. ನೂರು ಮಕ್ಕಳ ಕಿರುಚಾಟ, ಬಾಸ್ಕೆಟ್‌ಬಾಲ್ ಸದ್ದು, ಗಾಳಿ. ನನಗೆ ಗೊರಗೊರ ಕೂಡ ಕೇಳಿಸುತ್ತಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಅದು ಅದುರುತ್ತದಾ ಅಂತ ನೋಡುತ್ತಿದ್ದೆ. ಒಂದು ದಿನ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋಗಲು ಬಂದ ತಾಯಿಯೊಬ್ಬರು ಆಫೀಸಿನಲ್ಲಿ ಕಾಯುತ್ತಲೇ ಇದ್ದರು. ಮಗು ನನ್ನ ಎದುರೇ ಜಾರುಬಂಡೆ ಆಡುತ್ತಿತ್ತು. ಮಾರನೇ ದಿನ ಮೆಮೊ ಬಂತು: ರೇಡಿಯೊ ಕರೆಗಳಿಗೆ ಉತ್ತರಿಸುವುದಿಲ್ಲ, ಇದು ಮಕ್ಕಳ ಸುರಕ್ಷತೆಯ ವಿಷಯ.

ಸೇರಿದ ಹೊಸದರಲ್ಲೇ ಪ್ರಿನ್ಸಿಪಾಲರಿಗೆ ಕಾರಿಡಾರಿನಲ್ಲಿ ಹೇಳಿದ್ದೆ, ಎಡಗಿವಿ ಸ್ವಲ್ಪ ಮಂದ ಅಂತ. ಅವರು ನಕ್ಕು, ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದರು. ನಾನು ನಮ್ಮ ಕಡೆಯವರ ಥರ "ಪರವಾಗಿಲ್ಲ, ಮ್ಯಾನೇಜ್ ಮಾಡ್ತೀನಿ" ಅಂತ ಸೇರಿಸಿದೆ. ಅದೂ ತಪ್ಪೇ, ಆದರೆ ನನ್ನ ಕೆಲಸ ಕಳೆದದ್ದು ಅದಲ್ಲ.

ಮೆಮೊ ಬಂದ ಮೇಲೆ ರಾತ್ರಿಯೆಲ್ಲ ಕೂತು ಓದಿದೆ. 1973ರ ರಿಹ್ಯಾಬಿಲಿಟೇಷನ್ ಆ್ಯಕ್ಟ್‌ನ ಸೆಕ್ಷನ್ 504, 1990ರ ಎಡಿಎ (ಅಂಗವಿಕಲರ ವಿರುದ್ಧ ತಾರತಮ್ಯ ತಡೆಯುವ ಕಾನೂನುಗಳಿವು), ಎಲ್ಲ. ಫೆಡರಲ್ ಹಣ ಪಡೆಯುವ, 15 ಅಥವಾ ಹೆಚ್ಚು ನೌಕರರಿರುವ ಡಿಸ್ಟ್ರಿಕ್ಟ್ ಈ ಕಾನೂನನ್ನು ನೋಡಿಕೊಳ್ಳಲು ಒಬ್ಬ ಸಂಯೋಜಕರನ್ನು ನೇಮಿಸಬೇಕು. ತಾರತಮ್ಯ ಮಾಡುವುದಿಲ್ಲ ಅಂತಲೂ ಆ ವ್ಯಕ್ತಿ ಯಾರು ಅಂತಲೂ ನೌಕರರಿಗೆ, ಅರ್ಜಿದಾರರಿಗೆ, ಯೂನಿಯನ್ನಿಗೆ ನಿರಂತರವಾಗಿ ತಿಳಿಸುತ್ತಿರಬೇಕು. 34 ಸಿಎಫ್‌ಆರ್ 104.7 ಮತ್ತು 104.8, ಫೆಡರಲ್ ನಿಯಮಾವಳಿಯಲ್ಲಿ. ಓದಿ ನನಗೆ ಜಾಕ್‌ಪಾಟ್ ಹೊಡೆದಷ್ಟು ಖುಷಿ. ನನಗೆ ಯಾರೂ ತಿಳಿಸಿಲ್ಲವಲ್ಲ! ಮೆಮೊಗೆ ಉತ್ತರವಾಗಿ ಎರಡು ಪುಟ ಬರೆದೆ. ನಿಯಮದ ಸಂಖ್ಯೆಗಳನ್ನೆಲ್ಲ ಹಾಕಿ, ನೀವು ಕಾನೂನು ಮುರಿದಿದ್ದೀರಿ ಅಂತ.

ಎಚ್‌ಆರ್‌ನವರು ಕರೆದರು. ಆಕೆ ಜಗಳಕ್ಕೇನೂ ಬರಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು, ಅಷ್ಟೇ. ಪರದೆಯ ಮೇಲೆ ಆ ವರ್ಷದ ವಾರ್ಷಿಕ ಸೂಚನೆಗಳ ಪಿಡಿಎಫ್, ಕೊನೆಯಲ್ಲಿ ನನ್ನ ಹೆಸರು, ಆಗಸ್ಟ್ ತಿಂಗಳ ತಾರೀಖು, ಸಂಜೆ ಆರೂವರೆ ಸುಮಾರಿನ ಸಮಯ. "ಓದಿ ಅರ್ಥಮಾಡಿಕೊಂಡಿದ್ದೇನೆ" ಎಂಬ ಚೌಕದಲ್ಲಿ ಟಿಕ್.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಸಾರು ಕುದಿಯಲಿಕ್ಕಿಟ್ಟು ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಮಕ್ಕಳ ಮೇಲಿನ ದೌರ್ಜನ್ಯ ವರದಿ ಮಾಡುವ ತರಬೇತಿ, ರಕ್ತ ಮುಟ್ಟುವಾಗಿನ ಎಚ್ಚರಿಕೆ, ಇವಕ್ಕೆಲ್ಲ ವಿಡಿಯೊ ಇರುತ್ತೆ, ಓಡಿಸಲಿಕ್ಕಾಗಲ್ಲ, ಕೊನೆಯಲ್ಲಿ ಪರೀಕ್ಷೆ ಬೇರೆ. ಆದರೆ ಈ ಪಿಡಿಎಫ್‌ಗೆ ಪರೀಕ್ಷೆ ಇಲ್ಲ. ಕೆಳಗೆ ಹೋಗಿ ಟಿಕ್ ಹಾಕಿದರೆ ಮುಗೀತು. ಕೀಟನಾಶಕ, ತಂಬಾಕು, ಕಂಪ್ಯೂಟರ್ ಬಳಕೆ ಅಂತ ಪುಟಗಟ್ಟಲೆ ಇತ್ತು. ಅದರ ನಡುವೆ ಎಲ್ಲೋ ಒಂದು ಪ್ಯಾರಾದಲ್ಲಿ 504 ಮತ್ತು ಎಡಿಎ ಸಂಯೋಜಕರ ಹುದ್ದೆ, ಫೋನ್, ಇಮೇಲ್ ಎಲ್ಲ ಇತ್ತು. ನಮ್ಮಮ್ಮ ಸರ್ಕಾರಿ ಶಾಲೆ ಟೀಚರಾಗಿದ್ದರು. ಜವಾನ ಮೆಮೊ ಬುಕ್ ಹಿಡಿದುಕೊಂಡು ಕ್ಲಾಸಿಗೆ ಬಂದರೆ ಪಾಠ ನಿಲ್ಲಿಸದೆ ಎಡಗೈಯಲ್ಲಿ ಪುಸ್ತಕ ಹಿಡಿದು ಸಹಿ ಹಾಕಿ ಕಳಿಸುತ್ತಿದ್ದರು. ನಾನು ಮಾಡಿದ್ದೂ ಅದೇ.

ಈಗ ನೀವು ಕೇಳಿದ್ದಕ್ಕೆ ನೇರ ಉತ್ತರ. ಹೌದು, ತಿಳಿಸಲೇಬೇಕು. ಮತ್ತು ಬಹುತೇಕ ನಿಮಗೂ ತಿಳಿಸಿಯಾಗಿದೆ. ಸೇರಿದಾಗ ಸಹಿ ಹಾಕಿದ ಕಾಗದಗಳನ್ನು ತೆಗೆದು ನೋಡಿ. ತಿಳಿಸುವುದು ಅಂದರೆ ಏನು ಅಂತಲೂ 104.8 ಹೇಳುತ್ತದೆ: ನೋಟಿಸ್ ಅಂಟಿಸುವುದು, ಪತ್ರಿಕೆಯಲ್ಲಿ ಹಾಕುವುದು, ತಮ್ಮ ಪ್ರಕಟಣೆಗಳಲ್ಲಿ ಸೇರಿಸುವುದು, ಸುತ್ತೋಲೆ ಹಂಚುವುದು. ನಿಮ್ಮನ್ನು ಕೂರಿಸಿಕೊಂಡು ವಿವರಿಸಬೇಕು ಅಂತ ಎಲ್ಲೂ ಇಲ್ಲ. ಸ್ಟಾಫ್ ರೂಮಿಗೆ ಹೋದಾಗ ಗೋಡೆ ನೋಡಿ, ಇಇಒಸಿಯ (ಉದ್ಯೋಗದಲ್ಲಿ ತಾರತಮ್ಯದ ದೂರು ನೋಡುವ ಫೆಡರಲ್ ಆಯೋಗ) "ನಿಮ್ಮ ಹಕ್ಕುಗಳನ್ನು ತಿಳಿಯಿರಿ" ಪೋಸ್ಟರ್ ಇರುತ್ತದೆ. 2022ರ ಅಕ್ಟೋಬರಿನಲ್ಲಿ ಬಂದ ಹೊಸ ಪೋಸ್ಟರ್ ಅದು. ನಮ್ಮ ಶಾಲೆಯಲ್ಲಿ ಅದರ ಅರ್ಧಭಾಗದ ಮೇಲೆ ಪಾಟ್‌ಲಕ್‌ಗೆ ಯಾರ್ಯಾರು ಏನೇನು ತರುತ್ತಾರೆ ಅನ್ನುವ ಪಟ್ಟಿ ಅಂಟಿಸಿದ್ದರು.

ಕಾನೂನಿನ ಒಂದು ವಿಚಿತ್ರ ನೋಡಿ. ಮಕ್ಕಳ ವಿಷಯದಲ್ಲಿ ಇದೇ "ತಿಳಿಸುವುದು" ತುಂಬ ಬಿಗಿ. ಐಇಪಿ (ವಿಶೇಷ ಶಿಕ್ಷಣದ ಮಗುವಿಗೆ ಬರೆದ ಪ್ರತ್ಯೇಕ ಯೋಜನೆ) ಇರುವ ಮಗುವಿಗೆ ಪಾಠ ಮಾಡುವ ಪ್ರತಿ ಟೀಚರಿಗೂ, ಆ ಐಇಪಿ ಜಾರಿ ಮಾಡುವ ಬೇರೆಯವರಿಗೂ ಅದು ಸಿಗುವಂತಿರಬೇಕು. ಆ ಮಗುವಿಗೆ ನೀವು ನಿರ್ದಿಷ್ಟವಾಗಿ ಏನೇನು ಅನುಕೂಲ ಮಾಡಿಕೊಡಬೇಕು ಅಂತ ತಿಳಿಸಲೇಬೇಕು. ಇದು ಐಡಿಇಎ ಎಂಬ ವಿಶೇಷ ಶಿಕ್ಷಣ ಕಾನೂನಿನ ನಿಯಮ, 300.323. ನಿಮ್ಮ ಕೈಗೆ ಒಂದು ಪುಟದ ಸಾರಾಂಶ ಕೊಟ್ಟು ಸುಮ್ಮನಾಗಿದ್ದರೆ ಪೂರ್ತಿ ಕೇಳಿ ಪಡೆಯಿರಿ, ಸಂಕೋಚ ಬೇಡ. ತಿಳಿದೂ ಮಾಡದಿದ್ದರೆ ಟೀಚರಿಗೇ ಬಿಸಿ ಮುಟ್ಟಬಹುದು. 1993ರಲ್ಲಿ ವೆಸ್ಟ್ ವರ್ಜೀನಿಯಾದ ಡೋ ವರ್ಸಸ್ ವಿದರ್ಸ್ ಪ್ರಕರಣದಲ್ಲಿ, ಕಲಿಕಾ ನ್ಯೂನತೆಯಿದ್ದ ಹುಡುಗನಿಗೆ ಮೌಖಿಕ ಪರೀಕ್ಷೆ ಕೊಡಲು ಒಪ್ಪದ ಇತಿಹಾಸದ ಮೇಷ್ಟ್ರು ಸ್ವಂತವಾಗಿ ಪರಿಹಾರ, ದಂಡ ಸೇರಿ 15,000 ಡಾಲರ್ ಕೊಡಬೇಕು ಅಂತ ಜ್ಯೂರಿ ಹೇಳಿತು. ಮಗುವಿನ ಹಕ್ಕನ್ನು ನಮಗೆ ಬಿಡಿಬಿಡಿಯಾಗಿ ಹೇಳಬೇಕು, ನಮ್ಮ ಹಕ್ಕಿಗೆ ಗೋಡೆಯ ಮೇಲೊಂದು ಪೋಸ್ಟರ್ ಸಾಕು. ಅನ್ಯಾಯ ಅನಿಸುತ್ತದಾ? ನನಗೂ ಅನಿಸುತ್ತದೆ. ಇದೇ 504ರಡಿ ಟೀಚರುಗಳ ಹಕ್ಕಿಗೂ ಹಾದಿ ಬಿದ್ದಿದೆ. ಫ್ಲಾರಿಡಾದ ನಸಾವು ಕೌಂಟಿಯಲ್ಲಿ ಕ್ಷಯ ಮರುಕಳಿಸಿತೆಂದು ಪ್ರಾಥಮಿಕ ಶಾಲೆಯ ಟೀಚರ್ ಜೀನ್ ಆರ್ಲೈನ್ ಅವರನ್ನು ತೆಗೆದಿದ್ದರು. 1987ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ, ಅಂಥ ಕಾಯಿಲೆಯೂ 504ರ ಒಳಗೇ ಬರುತ್ತದೆ ಅಂದಿತು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕಟ್ಟಡದಲ್ಲಿ ವಾರಗಟ್ಟಲೆ ಧರಣಿ ಕೂತು 504ರ ನಿಯಮಗಳಿಗೆ ಸಹಿ ಹಾಕಿಸಿದವರಲ್ಲಿ ಮುಂದಾಳು ಜೂಡಿತ್ ಹ್ಯೂಮನ್. ಗಾಲಿಕುರ್ಚಿಯಲ್ಲಿದ್ದಾರೆ ಅಂತ 1970ರಲ್ಲಿ ನ್ಯೂಯಾರ್ಕ್ ಶಿಕ್ಷಣ ಮಂಡಳಿ ಅವರಿಗೆ ಟೀಚಿಂಗ್ ಲೈಸೆನ್ಸ್ ನಿರಾಕರಿಸಿತ್ತು. ಕೇಸು ಹಾಕಿ, ಮಂಡಳಿ ರಾಜಿಗೆ ಬಂದ ಮೇಲೆ ಟೀಚರಾದರು.

ನನ್ನ ಕಥೆಗೆ ಬರುತ್ತೇನೆ. ಆ ಎಚ್‌ಆರ್ ಮೀಟಿಂಗ್‌ನಲ್ಲಿ ಸಹಿ ನೋಡಿದ ಮೇಲಾದರೂ ನಾನು ಬಾಯಿಬಿಟ್ಟು ಕೇಳಬೇಕಿತ್ತು: ನನಗೆ ಕಿವಿ ಕೇಳಿಸುವುದಿಲ್ಲ, ವಾಕಿಟಾಕಿಗೆ ಇಯರ್‌ಪೀಸ್ ಕೊಡಿ, ಇಲ್ಲವೇ ಮೈದಾನದ ಬದಲು ಬೇರೆ ಡ್ಯೂಟಿ ಕೊಡಿ. ಇಷ್ಟೇ. ನಾನು ಮಾಡಿದ್ದು ವಾದ. ಈ ಟಿಕ್ ಮಾಡಿಸುವುದು ತಿಳಿಸುವುದಾ, ಇಷ್ಟು ಉದ್ದದ ಪಿಡಿಎಫ್ ಯಾರು ಓದುತ್ತಾರೆ, ಇದು ಮೋಸ ಅಲ್ಲವಾ ಅಂತ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, ಬೇರೆ ಏನಾದರೂ ಇದೆಯಾ ಅಂದರು. ಇಲ್ಲ ಅಂದೆ! ಆಮೇಲೆ ಪ್ರೊಬೇಷನ್ ಮುಗಿಯುವ ಮುಂಚೆ ಬಿಡುಗಡೆ ಪತ್ರ ಬಂತು. ಪ್ರೊಬೇಷನ್‌ನಲ್ಲಿ ಇರುವವರನ್ನು ಕಾರಣ ಹೇಳದೆ ಕಳಿಸಬಹುದು. ವಕೀಲರೊಬ್ಬರ ಹತ್ತಿರ ಹೋದೆ. ನನ್ನ ಎರಡು ಪುಟ ಓದಿ, "ಅವರು ಹೇಳಲಿಲ್ಲ ಅಂತ ಬರೆದಿದ್ದೀರಿ, ನಿಮಗೇನು ಬೇಕಿತ್ತು ಅಂತ ಎಲ್ಲಿ ಬರೆದಿದ್ದೀರಿ?" ಅಂದರು. ಇಯರ್‌ಪೀಸ್ ಅನ್ನುವ ಪದ ಆ ಪತ್ರದಲ್ಲಿ ಒಂದು ಕಡೆಯೂ ಇರಲಿಲ್ಲ. ಕಿವಿ ಅನ್ನುವ ಪದ ಬಂದದ್ದೂ, ಕಿವಿಗೆ ಬೀಳುವಂತೆ ಯಾರೂ ಹೇಳಲಿಲ್ಲ ಅಂತ ಅರ್ಥ ಬರುವ ಒಂದು ವಾಕ್ಯದಲ್ಲಿ.

ನೀವು ತಿಳಿಯಬೇಕಾದ ವ್ಯತ್ಯಾಸ ಇದೇ. "ತಿಳಿಸಬೇಕು" ಅನ್ನುವುದು ಡಿಸ್ಟ್ರಿಕ್ಟ್‌ಗೆ ಹಗುರವಾದ ಹೊಣೆ, ಆಗಸ್ಟ್‌ನಲ್ಲೇ ಮುಗಿಸಿ ಕೈತೊಳೆದುಕೊಂಡಿರುತ್ತಾರೆ. ಆದರೆ ನೀವು ಕೇಳಿದ ಕ್ಷಣದಿಂದ ಬೇರೆಯೇ ಹೊಣೆ ಶುರು. ಅವರು ನಿಮ್ಮ ಜೊತೆ ಕೂತು ಮಾತಾಡಬೇಕು, ಯಾವ ಬದಲಾವಣೆಯಿಂದ ನೀವು ಕೆಲಸ ಮಾಡಬಹುದು ಅಂತ ಹುಡುಕಬೇಕು. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಹಾಗೆ ಮಾತುಕತೆಗೆ ಕೂರದಿರುವುದೇ ಪ್ರತ್ಯೇಕ ಉಲ್ಲಂಘನೆ. ಕೇಳಲು ಕಾನೂನಿನ ಹೆಸರು, ಸೆಕ್ಷನ್ ಯಾವುದೂ ಬೇಡ, ಇಂಥ ಕಾಯಿಲೆಯಿಂದ ಇಂಥ ಕೆಲಸ ಕಷ್ಟವಾಗುತ್ತಿದೆ ಅಂದರೆ ಸಾಕು ಅಂತ ಇಇಒಸಿಯೇ ಹೇಳುತ್ತದೆ. ಬಾಯಲ್ಲಿ ಹೇಳಿದರೂ ನಡೆಯುತ್ತದೆ, ಆದರೆ ಬಾಯಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

"ಸುಮ್ಮನಿದ್ದು ಪ್ರೊಬೇಷನ್ ಮುಗಿಸಿಬಿಡಲಾ" ಅಂತ ಕೇಳಿದ್ದೀರಿ. ಬೇಡ. ಕೈನೋವಿನಿಂದ ಕೆಲಸ ಕೆಟ್ಟರೆ ಫೈಲಿಗೆ ಹೋಗುವುದು ಕೆಲಸ ಕೆಟ್ಟಿದ್ದು ಮಾತ್ರ. ಆಮೇಲೆ ಕಾಯಿಲೆ ಹೇಳಿದರೆ ನೆಪ ಅನ್ನುತ್ತಾರೆ, ಹಿಂದಿನ ಮೆಮೊ ಅಳಿಸಬೇಕಾದ ಹೊಣೆಯೂ ಅವರಿಗಿಲ್ಲ.

ಸಂಧಿವಾತ ಒಂದು ವಾರ ಇರುತ್ತೆ, ಒಂದು ವಾರ ಇರಲ್ಲ, ಇದನ್ನು ಅಂಗವೈಕಲ್ಯ ಅಂತಾರಾ ಅನ್ನುವ ನಿಮ್ಮ ಅನುಮಾನ ಬಿಡಿ. ಊರಿನ ಲೆಕ್ಕ ಇಲ್ಲಿಲ್ಲ. ಶೇಕಡಾ 40 ಅಂತ ಬರೆದ ಸರ್ಟಿಫಿಕೇಟ್, ಯುಡಿಐಡಿ ಕಾರ್ಡ್ ಯಾವುದನ್ನೂ ಇಲ್ಲಿ ಕೇಳುವುದಿಲ್ಲ. ಬಂದುಹೋಗುವ ಕಾಯಿಲೆಯನ್ನು ಅದು ಕೆರಳಿದಾಗ ಎಷ್ಟು ಕಷ್ಟ ಕೊಡುತ್ತದೆ ಅನ್ನುವುದರ ಮೇಲೆ ಅಳೆಯಬೇಕು ಅಂತ ಎಡಿಎಗೆ ತಂದ 2008ರ ತಿದ್ದುಪಡಿಯಲ್ಲೇ ಇದೆ. ವೀಸಾ ಭಯವೂ ಬೇಡ, ಈ ಹಕ್ಕಿಗೆ ಪೌರತ್ವ ಬೇಕಿಲ್ಲ. ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಅನ್ನುವ ಹೆದರಿಕೆ ಇದ್ದರೆ, ವೈದ್ಯಕೀಯ ವಿವರ ಪ್ರತ್ಯೇಕ ಗೋಪ್ಯ ಫೈಲಿನಲ್ಲಿರಬೇಕು. ಪ್ರಿನ್ಸಿಪಾಲರಿಗೆ ಗೊತ್ತಾಗಬೇಕಾದ್ದು ಏನು ಬದಲಾವಣೆ ಬೇಕು ಅನ್ನುವುದಷ್ಟೇ. ಅದಕ್ಕೇ ಕಾರಿಡಾರಿನಲ್ಲಿ ಪ್ರಿನ್ಸಿಪಾಲರಿಗೆ ಹೇಳಬೇಡಿ, ಎಚ್‌ಆರ್‌ಗೆ ಬರೆಯಿರಿ.

ಕೇಳಿದ್ದೆಲ್ಲ ಸಿಗುತ್ತದೆ ಅಂತಲ್ಲ. ಮಕ್ಕಳನ್ನು ಎತ್ತಿ ಟಾಯ್ಲೆಟ್‌ಗೆ ಕೂರಿಸುವುದೇ ನಿಮ್ಮ ಹುದ್ದೆಯ ಮುಖ್ಯ ಕೆಲಸವಾಗಿದ್ದರೆ ಅದನ್ನು ತೆಗೆದುಬಿಡಿ ಅಂತ ಕೇಳುವಂತಿಲ್ಲ. ಇಬ್ಬರು ಸೇರಿ ಎತ್ತುವುದು, ಎತ್ತುವ ಯಂತ್ರ, ಬರೆಯುವ ಕೆಲಸ ಟ್ಯಾಬ್ಲೆಟ್‌ಗೆ ಬದಲಾಯಿಸುವುದು, ಇಂಥದ್ದನ್ನು ಕೇಳಬಹುದು. ಏನು ಕೇಳಬೇಕು ಅಂತ ಹೊಳೆಯದಿದ್ದರೆ ಜಾಬ್ ಅಕಾಮಡೇಷನ್ ನೆಟ್‌ವರ್ಕ್‌ನವರು ಪುಕ್ಕಟೆ ಸಲಹೆ ಕೊಡುತ್ತಾರೆ, ಕಾಯಿಲೆವಾರು ಪಟ್ಟಿಯೇ ಇದೆ.

ತಿಳಿಸಲಿಲ್ಲ ಅನ್ನುವ ದೂರು? ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನದೊಳಗೆ ಕೊಡಬಹುದು. ಗೆದ್ದರೂ ಡಿಸ್ಟ್ರಿಕ್ಟ್‌ನ ವೆಬ್‌ಸೈಟಿನಲ್ಲಿ ಒಂದು ಸಾಲು ಸರಿಹೋದೀತು, ನಿಮ್ಮ ಮಣಿಕಟ್ಟು ನೋಯುತ್ತಲೇ ಇರುತ್ತದೆ. ಅಲ್ಲದೆ 2025ರ ಮಾರ್ಚ್‌ನಲ್ಲಿ ಆ ಕಚೇರಿಯ 12 ಪ್ರಾದೇಶಿಕ ಶಾಖೆಗಳಲ್ಲಿ 7ನ್ನು ಮುಚ್ಚುವುದಾಗಿ ಹೇಳಿದರು, ಸ್ಯಾನ್ ಫ್ರಾನ್ಸಿಸ್ಕೋದ್ದೂ ಅದರಲ್ಲಿ ಸೇರಿದೆ. ನೀವು ಕೇಳಿ, ಅವರು ಕೊಡದೆ ಹೋದರೆ ಅದು ಗಟ್ಟಿ ದೂರು. ಅದಕ್ಕೆ ಇಇಒಸಿ ಇದೆ, ಕ್ಯಾಲಿಫೋರ್ನಿಯಾದಲ್ಲಿ 300 ದಿನ. ರಾಜ್ಯದ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್‌ನಲ್ಲಾದರೆ ಮೂರು ವರ್ಷ.

ಈಗ ಬೇರೆ ಡಿಸ್ಟ್ರಿಕ್ಟ್‌ನಲ್ಲಿದ್ದೇನೆ. ಸೇರಿದ ವಾರವೇ ಎಚ್‌ಆರ್‌ಗೂ 504 ಸಂಯೋಜಕರಿಗೂ ಒಂದೇ ಇಮೇಲ್ ಹಾಕಿದೆ: ಎಡಗಿವಿ ಕೇಳಿಸುವುದಿಲ್ಲ, ಮೈದಾನದಲ್ಲಿ ರೇಡಿಯೊ ತಿಳಿಯುವುದಿಲ್ಲ, ಬಲಗಿವಿಗೆ ಇಯರ್‌ಪೀಸ್ ಬೇಕು, ಡಾಕ್ಟರ್ ಚೀಟಿ ಬೇಕಿದ್ದರೆ ಹೇಳಿ, ಮಾತಾಡಲು ಸಮಯ ಕೊಡಿ. ಐದಾರು ಸಾಲು. ಚೀಟಿ ಕೇಳಿದರು, ಕೊಟ್ಟೆ. ಇಯರ್‌ಪೀಸ್ ಬರುವವರೆಗೆ ನನ್ನನ್ನು ಲೈಬ್ರರಿ ಡ್ಯೂಟಿಗೆ ಹಾಕಿದ್ದರು.

ನಿಮ್ಮ ಪ್ರೊಬೇಷನ್ ಇನ್ನೆಷ್ಟು ಉಳಿದಿದೆ ಅಂತ ಬರೆದಿಲ್ಲ. ಎಷ್ಟೇ ಇರಲಿ, ಮೆಮೊ ಬರುವ ಮೊದಲೇ ಇಮೇಲ್ ಹೋಗಲಿ. ನಿಮ್ಮ ಸ್ವಂತ ಇಮೇಲಿಗೂ ಒಂದು ಪ್ರತಿ ಹಾಕಿಕೊಳ್ಳಿ, ಕೆಲಸ ಹೋದ ದಿನ ಡಿಸ್ಟ್ರಿಕ್ಟ್ ಅಕೌಂಟ್ ತೆರೆಯುವುದಿಲ್ಲ.