ಬೆಂದ ಮೊಟ್ಟೆ, ಬೇಯದ ಪ್ರೋಟೀನ್

ಪತ್ರ: "ಕುದಿಯುವ ನೀರಿನಲ್ಲೂ ಕೆಡದ ಕೃತಕ ಪ್ರೋಟೀನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಕೋಳಿಮೊಟ್ಟೆ ಹತ್ತೇ ನಿಮಿಷದಲ್ಲಿ ಬೇಯುತ್ತದೆ. ಹಾಗಾದರೆ ಪ್ರಕೃತಿಗಿಂತ ಮನುಷ್ಯನ ಕೆಲಸವೇ ಗಟ್ಟಿಯೇ? ಬೆಂದ ಮೊಟ್ಟೆ ಮತ್ತೆ ಹಸಿಯಾಗುವುದುಂಟೇ?" – ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ: ಮೇಷ್ಟ್ರೇ, ನಮಸ್ಕಾರ. ನಿಮ್ಮ ಮೊಟ್ಟೆಯಿಂದಲೇ ಶುರು ಮಾಡುತ್ತೇನೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದು ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಕೆಲಸ ನಡೆಯುವುದು ಆ ಆಕಾರದಿಂದ. ಬಿಸಿ ತಗುಲಿದರೆ ಸರಪಳಿ ತುಂಡಾಗುವುದಿಲ್ಲ, ಮಡಿಕೆ ಬಿಚ್ಚುತ್ತದೆ ಅಷ್ಟೆ. ನೀರಿಗೆ ಒಗ್ಗದೆ ಒಳಗೆ ಅಡಗಿದ್ದ ಭಾಗಗಳು ಹೊರಬಂದು ಪಕ್ಕದ ಸರಪಳಿಗಳಿಗೆ ಅಂಟಿಕೊಳ್ಳುತ್ತವೆ. ಆ ಸಿಕ್ಕೇ ಬೆಂದ ಮೊಟ್ಟೆಯ ಬಿಳಿ ಭಾಗ.

ಸಿಕ್ಕಾಗದಂತೆ ಬಿಚ್ಚಿದರೆ? ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸನ್ ಅದನ್ನೇ ಮಾಡಿದರು. ದನದ ಮೇದೋಜೀರಕದ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದಲ್ಲಿ 124 ಅಮೈನೋ ಆಮ್ಲಗಳಿವೆ, ಗಂಧಕದ 4 ಕೊಂಡಿಗಳಿವೆ. ಯೂರಿಯಾ ಹಾಕಿ ಮಡಿಕೆ ಬಿಚ್ಚಿದರು, ಇನ್ನೊಂದು ರಾಸಾಯನಿಕದಿಂದ ಕೊಂಡಿಗಳನ್ನೂ ಬಿಡಿಸಿದರು. ಎರಡನ್ನೂ ತೆಗೆದಾಗ ಕಿಣ್ವ ಮತ್ತೆ ಮಡಚಿಕೊಂಡು ಕೆಲಸಕ್ಕೆ ಇಳಿಯಿತು. ಆ 4 ಕೊಂಡಿಗಳನ್ನು ಜೋಡಿಸಲು 105 ದಾರಿಗಳಿವೆ. ಅದು ಸರಿಯಾದ ಒಂದನ್ನೇ ಹಿಡಿಯಿತು! ಆಕಾರದ ಗುಟ್ಟು ಸರಪಳಿಯ ಸಾಲಿನಲ್ಲೇ ಇದೆ ಎಂದು ಗೊತ್ತಾಯಿತು. 1972ರಲ್ಲಿ ಅವರಿಗೆ ನೊಬೆಲ್ ಬಂತು. ನನಗೆ ಈ ಪ್ರಯೋಗ ಎಷ್ಟು ಸಲ ಓದಿದರೂ ಸಾಕೆನಿಸುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬಹಳಷ್ಟು ಸಹಜ ಪ್ರೋಟೀನ್‌ಗಳು ಮಡಿಕೆ ಬಿಚ್ಚದೆ ನಿಲ್ಲುವುದು ತೀರಾ ಸಣ್ಣ ಅಂತರದಲ್ಲಿ. ಸರಪಳಿಯ ಭಾಗಗಳನ್ನು ಹಗುರಾಗಿ ಹಿಡಿದಿಡುವ ಹೈಡ್ರೋಜನ್ ಬಂಧಗಳಿವೆಯಲ್ಲ, ಅಂಥ ಕೆಲವೇ ಬಂಧಗಳಷ್ಟು ಶಕ್ತಿಯ ವ್ಯತ್ಯಾಸ. ಇದನ್ನು ದೌರ್ಬಲ್ಯ ಅನ್ನಲು ನನಗೆ ಮನಸ್ಸಿಲ್ಲ. ಕಿಣ್ವ ಕೆಲಸ ಮಾಡುವಾಗ ಸ್ವಲ್ಪ ಬಾಗಬೇಕು, ಬಳುಕಬೇಕು. ಹಳತಾದದ್ದನ್ನು ಜೀವಕೋಶ ಒಡೆದು ಮತ್ತೆ ಬಳಸಬೇಕು. ಕೋಳಿಯ ಮೈಬಿಸಿಗೆ ತಡೆದರೆ ಮೊಟ್ಟೆಯ ಪ್ರೋಟೀನ್‌ಗೆ ಸಾಕು, ನಮ್ಮ ಒಲೆಯ ಲೆಕ್ಕ ಅದಕ್ಕೆ ಯಾಕೆ, ಅಲ್ವಾ?

ಬೇಕಾದ ಕಡೆ ಪ್ರಕೃತಿಯೂ ಗಟ್ಟಿಯಾಗಿಯೇ ಮಾಡಿದೆ. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಥರ್ಮಸ್ ಅಕ್ವಾಟಿಕಸ್. ಅದರ ಟ್ಯಾಕ್ ಕಿಣ್ವವನ್ನು 95 ಡಿಗ್ರಿಗೆ ಮತ್ತೆ ಮತ್ತೆ ಕಾಯಿಸಿದರೂ ಕೆಲಸ ಬಿಡುವುದಿಲ್ಲ. ಡಿಎನ್‌ಎಯನ್ನು ಕಾಯಿಸಿ ತಣಿಸಿ ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಪರೀಕ್ಷೆ ಬೆಳೆದದ್ದೇ ಅದರಿಂದ.

ನಾವು ಬರೆದಿದ್ದ ಕೃತಕ ಪ್ರೋಟೀನ್ ಟಾಪ್7. 2003ರಲ್ಲಿ ಸಿಯಾಟಲ್‌ನಲ್ಲಿ ಡೇವಿಡ್ ಬೇಕರ್ ತಂಡ ಕಂಪ್ಯೂಟರ್‌ನಲ್ಲಿ ರೂಪಿಸಿದ್ದು. 93 ಅಮೈನೋ ಆಮ್ಲಗಳು, ಪ್ರಕೃತಿಯಲ್ಲಿ ಆವರೆಗೆ ಕಂಡಿರದ ಮಡಿಕೆ. 98 ಡಿಗ್ರಿಯಲ್ಲೂ ಅದು ಬಿಚ್ಚಲಿಲ್ಲ. ಆದರೆ ಅದಕ್ಕೆ ಯಾವ ಕೆಲಸವನ್ನೂ ವಹಿಸಿರಲಿಲ್ಲ. ಸುಮ್ನೆ ಮಡಚಿ ನಿಂತರೆ ಸಾಕಿತ್ತು. ಈ ಮಾತನ್ನು ನಮ್ಮ ಲೇಖನ ಹೇಳಬೇಕಿತ್ತು, ಹೇಳಲಿಲ್ಲ. ಕೆಲಸ ಮಾಡುವ ಪ್ರೋಟೀನ್‌ಗಳನ್ನೂ ಬೇಕರ್ ಆಮೇಲೆ ರೂಪಿಸಿದರು, 2024ರ ನೊಬೆಲ್‌ನಲ್ಲಿ ಪಾಲು ಪಡೆದರು.

ಸಹಜವಿರಲಿ, ಕೃತಕವಿರಲಿ, ಸರಪಳಿ ಮನಬಂದಂತೆ ತಿರುಗುವಂತಿಲ್ಲ. ಯಾವ ಕೋನಗಳಿಗೆ ಅವಕಾಶವಿದೆ ಎಂದು 1963ರಲ್ಲಿ ಮದ್ರಾಸಿನಲ್ಲಿ ನಕ್ಷೆ ಮಾಡಿ ತೋರಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹೊಸ ರಚನೆ ಸಿಕ್ಕಾಗಲೆಲ್ಲ ಇಂದಿಗೂ ಆ ನಕ್ಷೆಯ ಮೇಲಿಟ್ಟು ನೋಡುತ್ತಾರೆ.

ಇನ್ನು ಬೆಂದ ಮೊಟ್ಟೆ. 2015ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ಬೆಂದ ಬಿಳಿ ಭಾಗವನ್ನು ಯೂರಿಯಾದಲ್ಲಿ ಕರಗಿಸಿ, ಜೋರಾಗಿ ತಿರುಗುವ ಕೊಳವೆಯಲ್ಲಿ ಹಾಕಿ ಸಿಕ್ಕು ಬಿಡಿಸಿದರು. ಲೈಸೋಜೈಮ್ ಎಂಬ ಪ್ರೋಟೀನ್ ಮೊದಲಿನ ಆಕಾರಕ್ಕೆ ಬಂತು. ಇಡೀ ಮೊಟ್ಟೆ ಮಾತ್ರ ಹಸಿಯಾಗಲಿಲ್ಲ.